ಕೆಮ್ಮಿಲ್ಲದ ಗುನುಗು

ನಮ್ಮ ಬೈರಕುಪ್ಪೆಯಿಂದ ಕಬಿನಿ ದಾಟಿದರೆ ಕೇರಳದ ಪೆರಿಕಲ್ಲೂರು. ಬಾಯಿಗೆ ಹಾಕಿದ ಎಲೆಯಡಿಕೆ ಜಗಿದು ಮುಗಿಯುವುದರೊಳಗೆ ದೋಣಿ ಆಚೆ ದಡ ಮುಟ್ಟುತ್ತದೆ. ಅಷ್ಟೇ ಹೊತ್ತಿನಲ್ಲಿ ಊರಿಗೇ ಬಾಯಿಬಡುಕಿ ಎನಿಸಿಕೊಂಡಿದ್ದ ನಾನು ಮೂಕಿಯಾದೆ.

ಗಂಡ ಹೋದ ಮೇಲೆ ತಂಗಿಯ ಮನೆಯಲ್ಲಿ ಎಷ್ಟು ದಿನ ಇರಲಿ? ಹಾಸಿಗೆ ಹಿಡಿದ ಅಮ್ಮಚ್ಚಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ ಹಿಡಿದೆ. ಅಮ್ಮಚ್ಚಿ ಎಂದರೆ ಅಲ್ಲಿನವರಿಗೆ ಮನೆಯ ಹಿರಿಯ ತಾಯಿ. ನಮ್ಮಲ್ಲಿ ಬಂದವರಿಗೆ ಮೊದಲು ಊಟ ಆಯ್ತಾ ಎನ್ನುತ್ತೇವೆ. ಅಲ್ಲಿ ಆಧಾರ್ ಕಾರ್ಡು ಕೇಳಿದರು. ಮುದ್ದೆಯ ಬದಲು ಕಪ್ಪ, ಅಂದರೆ ಮರಗೆಣಸು. ಮಲಗಲು ಸೌದೆ ಕೋಣೆ. ಎದೆ ಭಾರವಾದಾಗ ತುಟಿ ಮುಚ್ಚಿಕೊಂಡು ಗುನುಗುತ್ತಿದ್ದೆ, ರಾಗಿ ಬೀಸುವಾಗ ನನ್ನಜ್ಜಿ ಗುನುಗುತ್ತಿದ್ದ ಹಾಗೆ. ಗುನುಗಲು ಮಲಯಾಳ ಬರಬೇಕಿಲ್ಲವಲ್ಲ.

ಅಮ್ಮಚ್ಚಿಗೆ ಸಂಜೆಯಾದರೆ ದಿಗಿಲು. ಮಂಚದ ಕಂಬಿ ಹಿಡಿದು ನಡುಗುತ್ತಿದ್ದರು. ಒಂದು ದಿನ ನನ್ನ ಗುನುಗು ಕೇಳಿ ಕೈ ಸಡಿಲಿಸಿದರು. ಆಮೇಲೆ ತಾವೂ ಮೆಲ್ಲಗೆ ದನಿಗೂಡಿಸಿದರು. ಮನೆಗೆ ಬಂದು ನೋಡಿ ಹೋಗುವ ನರ್ಸಮ್ಮ, "ಉಸಿರು ಉದ್ದ ಆಗುತ್ತೆ, ಹೆದರಿಕೆ ಇಳಿಯುತ್ತೆ, ಬಿಡಬೇಡಿ" ಎಂದರು. ಅಮ್ಮಚ್ಚಿಯದು ಪ್ರಾರ್ಥನೆಯ ರಾಗ, ನನ್ನದು ಸೋಬಾನೆಯದು. ವರ್ಷ ತುಂಬುವಷ್ಟರಲ್ಲಿ ಎರಡೂ ಬೆರೆತುಹೋದವು. ಆ ಮನೆಯಲ್ಲಿ ನಾನೂ ಒಬ್ಬಳು ಎಂದುಕೊಂಡುಬಿಟ್ಟೆ.

ಒಂದು ಸಂಜೆ ಅಮ್ಮಚ್ಚಿಯ ಮಗ ನನ್ನ ಗುನುಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ನಾಲ್ಕು ದಿನ ಅದನ್ನೇ ತಾಯಿಗೆ ಕೇಳಿಸಿ ನೋಡಿದ. ಅವರು ಅದಕ್ಕೂ ಸುಮ್ಮನಾದರು. ಐದನೇ ದಿನ ನನ್ನನ್ನು ಕರೆದ.

"ಚೇಚಿ, ಇನ್ನು ಇದು ಮತಿ. ನಾಳೆ ನೀವು ಊರಿಗೆ ಹೋಗಬಹುದು."

ಚೇಚಿ ಎಂದರೆ ಅಕ್ಕ, ಮತಿ ಎಂದರೆ ಸಾಕು. ಅಷ್ಟು ಮಲಯಾಳ ಕಲಿತಿದ್ದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಮತ್ತೆ ತಂಗಿಯ ಮನೆಗೆ ಬಂದು ತಿಂಗಳಾಯಿತು. ಮೊನ್ನೆ ಅವನ ಫೋನ್ ಬಂತು. ವಾಪಸು ಕರೆಯುತ್ತಾನೆಂದು ಹಿಗ್ಗಿದೆ. ಹಿಗ್ಗಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಚೇಚಿ, ಆ ರೆಕಾರ್ಡಿನ ನಡುವಲ್ಲಿ ನೀವು ಕೆಮ್ಮಿದ್ದೀರಿ. ಕೆಮ್ಮು ಬಂದ ಕೂಡಲೇ ಅಮ್ಮಚ್ಚಿ ಕಣ್ಣುಬಿಟ್ಟು ನಿಮ್ಮನ್ನ ಹುಡುಕ್ತಾರೆ. ಕೆಮ್ಮಿಲ್ಲದ್ದು ಒಂದು ಕಳಿಸಿ."

ಬಾಯಿಗೆ ಬಂದಂತೆ ಬೈಯಬೇಕಿತ್ತು. ಆದರೆ ಸಂಜೆಯ ಹೊತ್ತು ಆ ಮುದುಕಿಯ ಕೈ ಕಂಬಿಯ ಮೇಲಿರುತ್ತದೆ. ಹಿತ್ತಲಲ್ಲಿ ಕೂತು ಗುನುಗಿ ನೋಡಿದೆ. ಒಳಗಿನಿಂದ ತಂಗಿ ಕೂಗಿದಳು: "ಅದ್ಯಾವ ಪದ ಅಕ್ಕಾ? ನಮ್ದಲ್ವಲ್ಲ!"

ಅಲ್ಲಿ ಅದೇ ರಾಗವನ್ನು ಕನ್ನಡದವಳ ಪಾಟ್ಟು, ಅಂದರೆ ಕನ್ನಡದವಳ ಹಾಡು, ಎನ್ನುತ್ತಿದ್ದರು.

ಫೋನಿನಲ್ಲಿ ರೆಕಾರ್ಡ್ ಒತ್ತಿ ಮತ್ತೆ ಮೊದಲಿನಿಂದ ಗುನುಗಿದೆ. ನಡುವೆ ಬೇಕೆಂದೇ ಒಮ್ಮೆ ಕೆಮ್ಮಿ, ಕಳಿಸಿದೆ.