ತಿದ್ದಬಾರದ ತಾರೀಖು

ಬೆಳಕು ಇನ್ನೂ ಕಿಟಕಿಯ ಸರಳು ದಾಟಿಲ್ಲ. ಅಡುಗೆಮನೆಯ ಮೇಜಿನ ಮೇಲೆ, ತೊಳೆದು ಬೋರಲು ಹಾಕಿದ ಪಾತ್ರೆಗಳ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದಿದೆ. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿದೆ. ಆ ಕಡೆ ಡಯಾಲಿಸಿಸ್ ಕೇಂದ್ರದ ನರ್ಸು.

"ಅಕ್ಕಾ, ಡ್ರಾಯಿಂಗ್ ಮೇಷ್ಟ್ರು ಬಂದು ಕೂತಿದ್ದಾರೆ. ಕಂಪ್ಯೂಟರ್ ಮಾತ್ರ ಅವರ ಸರದಿ ನಾಡಿದ್ದು ಅಂತಿದೆ. ಕಾಲು ಊದಿ ದಿಂಬಾಗಿದೆ."

"ಕಂಪ್ಯೂಟರ್ ಮಾತು ಬಿಡು, ಮೇಷ್ಟ್ರ ಕಾಲಿನ ಮಾತು ಕೇಳು. ಅವ್ರ ಮಷೀನು ಖಾಲೀನೇ ಇದೆಯಲ್ಲ? ಡಾಕ್ಟ್ರಿಗೆ ಹೇಳಿ ಕೂರಿಸು. ತಾರೀಖನ್ನ ನಾನು ವಿಚಾರಿಸ್ಕೋತೀನಿ."

ತಾರೀಖುಗಳನ್ನು ಹೀಗೆ 'ವಿಚಾರಿಸಿಕೊಳ್ಳುವ' ಇವರಿಗೆ ಆಫೀಸಿನಲ್ಲಿ ತಾರೀಖಕ್ಕ ಎಂದೇ ಹೆಸರು. ಗೇಲಿಗೆ ಇಟ್ಟದ್ದು, ಈಗ ಗಟ್ಟಿಯಾಗಿದೆ. ಡಯಾಲಿಸಿಸ್ ಕೇಂದ್ರಗಳಲ್ಲಿ ಯಾರ ಸರದಿ ಯಾವತ್ತು ಎಂದು ಹೇಳುವ ತಂತ್ರಾಂಶದಲ್ಲಿ ದಿನ, ವಾರ, ತಿಂಗಳುಗಳನ್ನು ಕೂಡಿಸಿ ಕಳೆಯುವ ಭಾಗ ಇವರದು. ಮಗಳು ಏನು ಮಾಡುತ್ತಾಳೆಂದು ನೆರೆಯವರು ಕೇಳಿದರೆ ಅಮ್ಮ, "ಆಫೀಸಲ್ಲಿ ಕಾಲ ಕಳೀತಾಳೆ" ಎನ್ನುತ್ತಾರೆ.

"ಕೂಡಿಸೋದೂ ಇದೆ ಅಂತ ಹೇಳಮ್ಮ!" ಎಂದು ತಾರೀಖಕ್ಕ ಒಳಗಿನಿಂದಲೇ ಕೂಗುತ್ತಾರೆ.

ಅಪ್ಪನ ಆರೈಕೆಗೆಂದು ಕೆಲಸ ಬಿಟ್ಟು, ವರ್ಷಗಳ ನಂತರ ಮರಳಿದಾಗ ತಂಡದಲ್ಲಿ ಇವರಿಗಾಗಿ ಉಳಿದಿದ್ದದ್ದು ಇದೊಂದೇ ಮೂಲೆ. ಪರದೆಯ ಬಣ್ಣ ಬದಲಿಸಿದವರಿಗೆ ಚಪ್ಪಾಳೆ ಸಿಗುತ್ತದೆ. ತಾರೀಖಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. "ಸರಿ ಬಂದ್ರೆ ಕ್ಯಾಲೆಂಡರಿನ ಹೆಸರು, ತಪ್ಪಿದ್ರೆ ನನ್ನ ಹೆಸರು" ಎಂದು ನಗುತ್ತಾರೆ. ಜನವರಿಗೆ ಸೊನ್ನೆ ಕೊಟ್ಟು ತಿಂಗಳು ಎಣಿಸುವ ಹಳೆಯ ಕೋಡನ್ನು ಕೋಡು ಹಿಡಿದೇ ಪಳಗಿಸಿದ್ದಾರೆ.

ಇವತ್ತಿನ ಕಳ್ಳ ಬೇರೆ. ಈ ಬಗೆಯ ಪ್ರೋಗ್ರಾಮಿನಲ್ಲಿ ತಾರೀಖು ಎಂಬುದೂ ಒಂದು ವಸ್ತು. ಕೈಯಿಂದ ಕೈಗೆ ಹೋಗುತ್ತದೆ. ಮೇಷ್ಟ್ರಿಗೂ ಪಕ್ಕದ ಮಷೀನಿನ ಅಜ್ಜಿಗೂ ಒಂದೇ ದಿನ ಸರದಿ ಇದ್ದದ್ದರಿಂದ, ಪ್ರೋಗ್ರಾಮು ಒಂದೇ ತಾರೀಖು ಮಾಡಿ ಇಬ್ಬರಿಗೂ ಹಂಚಿದೆ. ಅಜ್ಜಿಗೆ ಜ್ವರ ಬಂದು ಅವರ ಸರದಿಯನ್ನು ಎರಡು ದಿನ ಮುಂದೂಡಿದಾಗ, ಮೇಷ್ಟ್ರ ಸರದಿಯೂ ಅದರ ಹಿಂದೆಯೇ ಹೊರಟಿದೆ.

"ಒಂದೇ ಹಾಳೇಲಿ ಇಬ್ಬರ ಹೆಸರು ಬರೆದು, ಒಬ್ರಿಗೋಸ್ಕರ ಮೇಲಿನ ತಾರೀಖು ತಿದ್ದಿದ ಹಾಗೆ" ಎನ್ನುತ್ತಾರೆ ತಾರೀಖಕ್ಕ. ಇದಕ್ಕೆ ಮದ್ದು, ತಿದ್ದಲಾಗದ ತಾರೀಖು. ಅದಕ್ಕೆ ಎರಡು ದಿನ ಕೂಡಿಸಿದರೆ ಬೇರೆ ಹೊಸದೊಂದು ತಾರೀಖು ಕೊಡುತ್ತದೆ. ತಾನು ಮಾತ್ರ ಕದಲುವುದಿಲ್ಲ. ಆದರೆ ಎಲ್ಲ ಕಡೆ ಹಳೆಯದನ್ನು ಕಿತ್ತು ಇದನ್ನು ಕೂರಿಸಲು ಸಮಯ ಬೇಕು.

ಅಷ್ಟರಲ್ಲಿ, ವಿಷಯ ತಿಳಿದ ತಂಡದ ಮುಖ್ಯಸ್ಥರ ಫೋನು. "ಮೇಷ್ಟ್ರದ್ದೊಂದನ್ನ ಕೈಯಲ್ಲಿ ಸರಿಮಾಡಿ ಮೇಡಂ. ಮಧ್ಯಾಹ್ನ ಈ ಹೊಸ ಆವೃತ್ತಿ ಎಲ್ಲಾ ಕೇಂದ್ರಗಳಿಗೂ ಬಿಡುಗಡೆ ಇದೆ."

"ಆಗಲ್ಲ ಸಾರ್. ಇದೇ ತಪ್ಪು ಎಲ್ಲಾ ಕಡೆ ಹೋಗುತ್ತೆ."

"ಚಿಕ್ಕ ವಿಷಯ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಮೇಷ್ಟ್ರ ಕಿಡ್ನಿಗೆ ಹೇಳಿ ನೋಡಿ ಸಾರ್, ಅಡ್ಜಸ್ಟ್ ಮಾಡ್ಕೊಳ್ಳುತ್ತಾ ಅಂತ."

ಆ ಕಡೆ ಒಂದು ಕೆಮ್ಮು. "ಹಾಗಾದ್ರೆ ನಿಮ್ಮ ಜಾಗಕ್ಕೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ."

"ನೋಡಿ. ಅಲ್ಲೀವರೆಗೆ ನನ್ನ ಒಪ್ಪಿಗೆ ಇಲ್ದೆ ಇದು ಹೊರಗೆ ಹೋಗಲ್ಲ. ಒಪ್ಪಿಗೆ ನಾನು ಕೊಡಲ್ಲ."

ತಾರೀಖಕ್ಕ ಫೋನಿಡುತ್ತಾರೆ. ಮೂಗು ಹಿಡಿದು, ಮುಖ್ಯಸ್ಥರ ಕೆಮ್ಮನ್ನೂ ಸೇರಿಸಿ, "ಅಡ್ಜಸ್ಸ್ಟೂ... ಮೇಡಂ" ಎಂದು ಅಮ್ಮನಿಗೆ ಅಭಿನಯಿಸಿ ತೋರಿಸುತ್ತಾರೆ. ಅಮ್ಮ ನಕ್ಕು, ಆಮೇಲೆ ಮೆತ್ತಗೆ ಕೇಳುತ್ತಾರೆ, "ಕೆಲಸ ಹೋದ್ರೆ?"

"ಮನೇಲೇ ಕಾಲ ಕಳೀತೀನಿ, ಬಿಡು."

ಮೇಷ್ಟ್ರು ಮಷೀನಿನ ಮೇಲಿದ್ದಾರೆ ಎಂದು ನರ್ಸಿನ ಸಂದೇಶ ಬರುತ್ತದೆ. ತಾರೀಖಕ್ಕ ತಲೆಯೆತ್ತದೆ ಹಳೆಯ ತಾರೀಖುಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಇದರಿಂದ ನಿನಗೇನಾಸೆ ಎಂದು ಅಮ್ಮ ಕೇಳಿದರೆ, "ಒಬ್ಬರ ದಿನವನ್ನ ಇನ್ನೊಬ್ಬರು ಕದಲಿಸೋಕಾಗ್ಬಾರ್ದು. ಅಷ್ಟೇ" ಎನ್ನುತ್ತಾರೆ.

ಬಿಸಿಲು ಪಾತ್ರೆಗಳ ಮೇಲೆ ಬೀಳುವ ಹೊತ್ತಿಗೆ ಮುಖ್ಯಸ್ಥರ ಸಂದೇಶವೂ ಬರುತ್ತದೆ: "ಬಿಡುಗಡೆ ನಿಲ್ಲಿಸಿದ್ದೇನೆ. ಹೊಸ ತಾರೀಖು ಕೊಡಿ."

ತಾರೀಖಕ್ಕ ಪರದೆಯನ್ನು ಅಮ್ಮನ ಕಡೆ ತಿರುಗಿಸುತ್ತಾರೆ. "ನೋಡು, ಹೀಗೆ ಕೇಳ್ಬೇಕು. ಹೊಸದು ಎಷ್ಟು ಬೇಕಾದ್ರೂ ಕೊಡ್ತೀನಿ. ಇದ್ದದ್ದನ್ನ ತಿದ್ದೋಕೆ ಮಾತ್ರ ಬಿಡಲ್ಲ."