ಉಮ್ಮು ವಜ್ದಿಯ ಜಾಹೀರಾತಿನ ಹೊತ್ತು

ಅಲೆಕ್ಸಾಂಡ್ರಿಯಾದ ಕರ್ಮೂಸ್ ಬಡಾವಣೆಯ ಆ ಐದಂತಸ್ತಿನ ಕಟ್ಟಡದಲ್ಲಿ ಉಮ್ಮು ವಜ್ದಿಗೆ ಇದ್ದ ಮರ್ಯಾದೆಯೆಲ್ಲ ಜಾಹೀರಾತಿನಿಂದ ಬಂದದ್ದು. ರಂಜಾನಿನಲ್ಲಿ ಉಪವಾಸ ಬಿಟ್ಟ ಮೇಲೆ ಮೇಲಿನ, ಕೆಳಗಿನ ಹೆಂಗಸರೆಲ್ಲ ಅವಳ ಟೀವಿಯ ಮುಂದೆ ಸೇರುವುದು ಇಪ್ಪತ್ತು ವರ್ಷದ ರೂಢಿ. ಹತ್ತು ನಿಮಿಷ ಧಾರಾವಾಹಿ ಬಂದರೆ ಹದಿನೈದು ನಿಮಿಷ ಜಾಹೀರಾತು. ಊರೆಲ್ಲ ಶಪಿಸುವ ಆ ಹೊತ್ತಿನಲ್ಲಿ ಉಮ್ಮು ವಜ್ದಿ ಕನ್ನಡಕ ಸರಿಮಾಡಿಕೊಂಡು ಮುಂದೇನಾಗುತ್ತದೆಂದು ಹೇಳುವಳು. ಹೇಳಿದ್ದು ಹಾಗೆಯೇ ಆಗುವುದು. ಅವಳದು ಹೊಲಿಗೆ ಕೆಲಸ.

"ಬಟ್ಟೆ ಕತ್ತರಿಸಿರೋದು ನೋಡಿದ್ರೆ ತೋಳು ಯಾವ್ದು, ಕಾಲರ್ ಯಾವ್ದು ಗೊತ್ತಾಗಲ್ವೇನ್ರೇ?" ಎನ್ನುವಳು.

ಈ ವರ್ಷದ ಕಥೆಯಲ್ಲಿ ಸಾಬೂನು ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಹಚ್ಚಿದವರು ಯಾರು? ಜಪಮಾಲೆ ಹಿಡಿದು ಮೂಲೆಯಲ್ಲಿ ಕೂತ ಅಜ್ಜಿಯೇ ಎಂದು ಉಮ್ಮು ವಜ್ದಿ ಮೊದಲ ದಿನವೇ ತೀರ್ಮಾನಿಸಿದ್ದಳು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಕೊನೆಯ ಕಂತಿನ ಕೊನೆಯ ಜಾಹೀರಾತಿಗೆಂದು ಜೋಪಾನವಾಗಿ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಎಡವಟ್ಟಾಯಿತು. ಸೊಸೆ ರಬಾಬಳ ಫೋನಿನ ಗಾಜು ಒಡೆದಿತ್ತು. ಅವಳು ಅತ್ತೆಯ ಫೋನಿಗೇ ಆ್ಯಪ್ ಹಾಕಿಕೊಂಡು, ಅತ್ತೆ ಮಲಗಿದಾಗ ಧಾರಾವಾಹಿ ನೋಡುತ್ತಿದ್ದಳು. ಅದರಲ್ಲಿ ಆವತ್ತಿನ ಕಂತು ಮಧ್ಯಾಹ್ನಕ್ಕೇ ಬರುತ್ತಿತ್ತು, ಅದೂ ಜಾಹೀರಾತಿಲ್ಲದೆ. ಮೂರನೇ ಮಹಡಿಯ ಸಫಿನಾಜ್ ಯಾರಿಗೋ ಕರೆ ಮಾಡಲು ಆ ಫೋನ್ ಇಸಿದುಕೊಂಡವಳು ಅದನ್ನು ಕಂಡೇಬಿಟ್ಟಳು.

"ಓಹೋ! ಮಧ್ಯಾಹ್ನ ಕದ್ದು ನೋಡ್ಕೊಂಡು ಸಂಜೆ ನಮ್ಮ ಮುಂದೆ ಶಾಸ್ತ್ರ ಹೇಳ್ತಿದ್ದೀಯಾ, ಉಮ್ಮು ವಜ್ದಿ?"

"ಅಲ್ಲಾಹನಾಣೆ ಕಣೇ, ಅದು ಕರೆಂಟ್ ಬಿಲ್ ಕಟ್ಟೋದು ಅಂದ್ಕೊಂಡಿದ್ದೆ!"

"ಇಪ್ಪತ್ತು ವರ್ಷಾನೂ ಕರೆಂಟ್ ಬಿಲ್ಲೇ ಕಥೆ ಹೇಳ್ತಿತ್ತಾ?"

ಇಪ್ಪತ್ತು ವರ್ಷದ ಹಿಂದೆ ಆ್ಯಪ್ ಎಲ್ಲಿತ್ತೆಂದು ಒಬ್ಬಳೂ ಕೇಳಲಿಲ್ಲ. ರಬಾಬ್ ನಿಜ ಹೇಳಿದಳು; ಅತ್ತೆಯನ್ನು ಉಳಿಸಲು ಸೊಸೆ ಸುಳ್ಳು ಹೇಳುತ್ತಿದ್ದಾಳೆಂದು ಎಲ್ಲರೂ ಮೆಚ್ಚಿಕೊಂಡರು. ಮಾರನೆಯ ದಿನವೂ ಬಂದರು, ಕತಾಯಿಫ್ ಸಿಹಿಕಡುಬು ತಿಂದರು, ಚಹಾ ಕುಡಿದರು. ಜಾಹೀರಾತು ಬಂದಾಗ ಮಾತ್ರ ಬಟಾಣಿಯ ರೇಟು ಮಾತಾಡಿದರು. ಉಮ್ಮು ವಜ್ದಿಗೆ ಅಳು ಬಂತು. ಕಳ್ಳಿ ಎಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಕೊನೆಯ ಕಂತಿನ ದಿನ ಬೆಳಿಗ್ಗೆಯೇ ಅವಳು ಫೋನನ್ನು ಸಫಿನಾಜಳ ಮಡಿಲಿಗೆ ಎಸೆದಳು. "ಇವತ್ತು ಸಂಜೆವರೆಗೂ ನಿನ್ನ ಮನೇಲೇ ಕೂತಿರ್ತೀನಿ. ನನ್ನ ಕಾವಲು ಕಾಯಿ. ಬೆಂಕಿ ಹಚ್ಚಿದ್ಯಾರು ಅಂತ ರಾತ್ರಿ ನಾನು ಹೇಳಿದ್ಮೇಲೆ ನನ್ನ ಕ್ಷಮೆ ಕೇಳು."

ಸಫಿನಾಜ್ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಉಮ್ಮು ವಜ್ದಿ ಅವಳ ನಾಲ್ಕು ಪರದೆಗಳ ಅಂಚು ಹೊಲಿದುಕೊಟ್ಟು, ಸೂರ್ಯ ಮುಳುಗುವ ಹೊತ್ತಿಗೆ ಮನೆಗೆ ಇಳಿದಳು.

ಉಪವಾಸ ಬಿಟ್ಟಾಯಿತು. ಅಡಿಗೆಮನೆಯಲ್ಲಿ ಕತಾಯಿಫಿಗೆ ಪಾಕ ಹೊಯ್ಯುತ್ತಿದ್ದಾಗ ರಬಾಬ್ ಕಿವಿಯ ಹತ್ತಿರ ಬಂದಳು. ಪಾಪ, ಒಳ್ಳೇ ಮನಸ್ಸಿನ ಹುಡುಗಿ.

"ಅತ್ತೆ, ತಪ್ಪೆಲ್ಲ ನಂದೇ. ಪಕ್ಕದ ಮನೆ ಫೋನಲ್ಲಿ ನೋಡ್ಕೊಂಡು ಬಂದೆ. ಹಚ್ಚಿದ್ದು ಅಜ್ಜಿ. ಧೈರ್ಯವಾಗಿ ಹೇಳಿಬಿಡಿ!"

ಉಮ್ಮು ವಜ್ದಿಯ ಕೈಯ ಸೌಟು ಪಾತ್ರೆಯೊಳಗೆ ಬಿತ್ತು.

ಕೊನೆಯ ಜಾಹೀರಾತು ಬಂತು. ಇಡೀ ಕೋಣೆ ಅವಳ ಕಡೆ ತಿರುಗಿತು. ಅವಳು ಕನ್ನಡಕ ಸರಿಮಾಡಿಕೊಂಡಳು, ಬಾಯಿ ತೆರೆದಳು, ಮುಚ್ಚಿದಳು.

"ಕಾರ್ಖಾನೆ ಕಾವಲುಗಾರ," ಎಂದಳು ಕೊನೆಗೆ.

ಧಾರಾವಾಹಿ ಮುಂದುವರಿಯಿತು. ಅಜ್ಜಿ ಜಪಮಾಲೆ ಕೆಳಗಿಟ್ಟು, ನಾನೇ ಹಚ್ಚಿದೆ ಎಂದಳು. ಸಫಿನಾಜ್ ಬಿದ್ದು ಬಿದ್ದು ನಕ್ಕು, ಉಮ್ಮು ವಜ್ದಿಯ ಕೊರಳಿಗೆ ಜೋತುಬಿದ್ದಳು.

"ನೋಡಿದ್ದೋಳು ಇಷ್ಟು ತಪ್ಪು ಹೇಳ್ತಾಳೇನ್ರೇ! ನನ್ನ ಬಾಯಿಗೆ ಮಣ್ಣು ಹಾಕ! ಕ್ಷಮಿಸಮ್ಮಾ, ನಿನ್ನಷ್ಟು ಸತ್ಯವಂತೆ ಈ ಕಟ್ಟಡದಲ್ಲೇ ಇಲ್ಲ!"

ರಬಾಬ್ ಅತ್ತೆಯನ್ನು ಅಡಿಗೆಮನೆಗೆ ಎಳೆದೊಯ್ದಳು. "ನಾನು ಹೇಳಿಕೊಟ್ಟಿದ್ದೆನಲ್ಲ?"

"ಅದಕ್ಕೇ ಕಣೇ ಹೇಳಲಿಲ್ಲ. ಅಜ್ಜಿ ಅಂತ ನಂಗೆ ಮೊದಲ ದಿನಾನೇ ಗೊತ್ತಿತ್ತು. ಮೂವತ್ತು ದಿನ ಹೊಟ್ಟೇಲಿಟ್ಕೊಂಡಿದ್ದೆ."

"ಅಯ್ಯೋ! ಹಾಗಾದ್ರೆ ಈಗ ಹೋಗಿ ಎಲ್ಲರಿಗೂ ಹೇಳೋಣ ಬನ್ನಿ!"

"ಈಗ ಹೇಳಿದ್ರೆ ಯಾರು ನಂಬ್ತಾರೆ?" ಎಂದು ಉಮ್ಮು ವಜ್ದಿ ಮೂಗು ಒರೆಸಿಕೊಂಡಳು. ಹಜಾರದಲ್ಲಿ ಕಂತು ಮುಗಿದು ಹೊಸ ಜಾಹೀರಾತು ಶುರುವಾಗಿತ್ತು, ಹೆಂಗಸರು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಅವಳು ಚಹಾದ ತಟ್ಟೆ ಎತ್ತಿಕೊಂಡು ಹೊರಟಳು.