ವಿಮಲಮ್ಮನ ದೊಡ್ಡಿಯ ಮೂರು ಪಟ್ಟೆ ಮರಿಗಳು

ಬೆಳಗಿನ ಆರೂಕಾಲು. ಗೋಣಿಬೀಡಿನಿಂದ ಮೂರು ಕಿಲೋಮೀಟರ್ ಒಳಗಿರುವ ಕೆಳಹಡ್ಲಿನಲ್ಲಿ ವಿಮಲಮ್ಮ ಹಂಡೆಯ ಮುಂದೆ ಕೂತು ಸೌದೆ ನೂಕುತ್ತಿದ್ದಾರೆ. ಹಂಡೆಯೊಳಗೆ ಕೆಸವಿನ ಸೊಪ್ಪು, ಬಾಳೆದಿಂಡು, ತೌಡು ಒಟ್ಟಿಗೆ ಕೊತಕೊತ ಕುದಿಯುತ್ತಿವೆ. ಕೆಸವನ್ನು ಬೇಯಿಸದೆ ಹಾಕಿದರೆ ಹಂದಿಗೂ ಗಂಟಲು ತುರಿಸುತ್ತದೆ ಎಂಬುದು ನನಗೆ ಇವತ್ತೇ ಗೊತ್ತಾಗಿದ್ದು. ಬೆಂದದ್ದನ್ನು ಬಕೆಟ್ಟಿಗೆ ತೋಡಿ, ಆರಿಸಿ, ಕಾಫಿ ಗಿಡದ ಕೋಲಿನಿಂದ ಬಕೆಟ್ಟಿನ ಮೇಲೆ ಮೂರು ಸಲ ಬಡಿಯುತ್ತಾರೆ. ದೊಡ್ಡಿಯೊಳಗೆ ಗದ್ದಲವೋ ಗದ್ದಲ.

ಮೊದಲು ಕರಿ ತಾಯಿಹಂದಿ ಬರುತ್ತದೆ, ಹಿಂದೆ ಏಳು ಮರಿಗಳು. ನಾಲ್ಕು ಅಚ್ಚ ಕಪ್ಪು. ಉಳಿದ ಮೂರರ ಮೈಮೇಲೆ ಕುತ್ತಿಗೆಯಿಂದ ಬಾಲದವರೆಗೆ ಕಂದು ಪಟ್ಟೆಗಳು. ನಾನು ಬಂದಿದ್ದು ಹಂದಿ ಸಾಕುವ ಹೆಂಗಸೊಬ್ಬರ ಬಗ್ಗೆ ನಾಲ್ಕು ಮಾತು ಬರೆಯಲು. ಈ ಮೂರನ್ನು ಕಂಡ ಮೇಲೆ ಏನು ಬರೆಯಬೇಕೆಂದೇ ತಿಳಿಯದಾಗಿದೆ. ಪಟ್ಟೆ ಇರುವುದು ಕಾಡುಹಂದಿಯ ಮರಿಗೆ. ಕಾಡುಹಂದಿಯನ್ನು ಕಾನೂನಿನ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

"ಅರ್ಧ ನಂದು, ಅರ್ಧ ಕಾಡಿಂದು. ಕೇಸ್ ಹಾಕೋದಾದ್ರೆ ಅರ್ಧ ಕೇಸ್ ಹಾಕ್ತಾರ ಮಾರಾಯ್ರೆ?" ಎಂದು ಅವರು ನನ್ನನ್ನೇ ಕೇಳುತ್ತಾರೆ. ನಗುತ್ತಲೇ ಕೇಳಿದರೂ ದನಿಯಲ್ಲಿ ಹೆದರಿಕೆಯಿದೆ.

ವಿಮಲಮ್ಮನಿಗೆ ಐವತ್ತೆರಡು. ಎರಡು ಎಕರೆ ರೊಬಸ್ಟಾ ಕಾಫಿ, ಕೆಳಗೆ ಒಂದು ತುಂಡು ಗದ್ದೆ. ಗಂಡ ದೇವರಾಜ ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಮೂರು ವರ್ಷದ ಹಿಂದೆ, 2001ರಲ್ಲಿ, ಕಾಫಿ ರೇಟು ನೆಲ ಕಚ್ಚಿದಾಗ ಇವರು ಆಲ್ದೂರಿನಿಂದ ಒಂದು ಹೆಣ್ಣು, ಒಂದು ಗಂಡು ಮರಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಬಸ್ಸಿನವರು ಬೈದರು, ನೆಂಟರು ಮೂಗು ಮುರಿದರು. "ನಮ್ಮಲ್ಲಿ ಹಂದಿ ತಿನ್ನಕ್ಕೆ ಎಲ್ರೂ ಬರ್ತಾರೆ. ದೊಡ್ಡಿ ಗುಡ್ಸಕ್ಕೆ ಒಬ್ರೂ ಬರಲ್ಲ" ಎನ್ನುತ್ತಾರೆ.

ದೊಡ್ಡಿ ಅವರೇ ಕಟ್ಟಿದ್ದು. ಚಪ್ಪಡಿ ನೆಲಕ್ಕೆ ಒಂದು ಕಡೆ ಇಳಿಜಾರು, ತೊಳೆದ ನೀರು ಸೀದಾ ಗುಂಡಿಗೆ. ಮೊದಲ ಸೂಲಿನಲ್ಲಿ ತಾಯಿ ಮಗ್ಗುಲಾದಾಗ ಗೋಡೆಗೆ ಸಿಕ್ಕಿ ಮೂರು ಮರಿ ಸತ್ತವು. ಅವತ್ತು ವಿಮಲಮ್ಮ ಊಟ ಮಾಡಲಿಲ್ಲವಂತೆ. ಮರುದಿನವೇ ಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದ ಒಂದು ಗೇಣು ಎತ್ತರಕ್ಕೆ ಸಿಲ್ವರ್ ಮರದ ಗಳ ಬಡಿದರು. ಈಗ ಮರಿಗಳು ಗಳದ ಹಿಂದೆ ನುಸುಳಿ ಬಚಾವಾಗುತ್ತವೆ. ಬೇಲಿಗೆ ಕಿತ್ತ ಹಳೇ ಕಾಫಿ ಗಿಡದ ಗೂಟ, ಎರಡಡಿ ಆಳಕ್ಕೆ. ಮುಳ್ಳುತಂತಿಯ ಕೆಳಗಿನ ಸಾಲು ಪಾದದ ಮಟ್ಟಕ್ಕೆ, ಅದರ ಬುಡಕ್ಕೆ ಒಳಗಿನಿಂದ ಕಲ್ಲು. "ಹಂದಿ ಬೇಲಿ ಹಾರಲ್ಲ, ಮೂತೀಲಿ ಎತ್ತುತ್ತೆ." ದಿನಕ್ಕೆ ಆರು ಕೆ.ಜಿ. ತೌಡು, ಹದಿನಾಲ್ಕು ಕೊಡ ನೀರು, ಗೋಣಿಬೀಡಿನ ಹೋಟೆಲಿನಿಂದ ದೇವರಾಜ ಮೊಪೆಡ್ಡಿನಲ್ಲಿ ತರುವ ಎರಡು ಡಬ್ಬ ಮುಸುರೆ. ಹಬ್ಬದ ದಿನವೂ ರಜೆಯಿಲ್ಲ.

ಇಷ್ಟೆಲ್ಲ ಬಂದೋಬಸ್ತಿರುವಲ್ಲಿಗೆ ಕಾಡುಹಂದಿ ಬಂದಿದ್ದು ಹೇಗೆ? ಕೇಳಿದರೆ ವಿಮಲಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಸಾಕುಹಂದಿಯ ಗೊಬ್ಬರದ ವಾಸನೆ ಇದ್ದಲ್ಲಿಗೆ ಕಾಡುಹಂದಿ ಸುಳಿಯುವುದಿಲ್ಲ ಎಂದು ಇಲ್ಲಿಯವರು ನಂಬುತ್ತಾರೆ. ಭತ್ತ ತೆನೆ ಕಟ್ಟುವ ಹೊತ್ತಿಗೆ ಇವರು ದೊಡ್ಡಿ ಗುಡಿಸಿದ್ದನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಗದ್ದೆಯ ಸುತ್ತ ಸುರಿಯುತ್ತಾರೆ. ಎರಡು ವರ್ಷ ಗದ್ದೆಗೆ ಕಾಡುಹಂದಿ ಕಾಲಿಡಲಿಲ್ಲ. ಪಕ್ಕದ ಮನೆಯ ಶೇಷಪ್ಪನವರೂ ಬುಟ್ಟಿ ಹಿಡಿದು ಬರತೊಡಗಿದರು. ಹೋದ ಅಕ್ಟೋಬರಿನಲ್ಲಿ ಮಾತ್ರ ಲೆಕ್ಕ ತಪ್ಪಿತು. ಅವತ್ತು ಹೆಣ್ಣು ಬೆದೆಗೆ ಬಂದಿತ್ತು. ಅದನ್ನು ತಮ್ಮ ಗಂಡುಹಂದಿಯ ಜೊತೆ ಬಿಟ್ಟ ವಿಮಲಮ್ಮ, ಎಂದಿನಂತೆ ಅದರ ದೊಡ್ಡಿ ಗುಡಿಸಿ, ಬೆದೆಯ ವಾಸನೆ ಸೋರುವ ಬುಟ್ಟಿ ಹೊತ್ತು ಕಾಡಿನ ಅಂಚಿನವರೆಗೂ ಹೋಗಿ ಬಂದರು. ಮಾರನೇ ಬೆಳಿಗ್ಗೆ ನೋಡಿದರೆ ಹೊರಗಿನಿಂದ ತಂತಿ ಎತ್ತಿದೆ, ಮುಳ್ಳಿನಲ್ಲಿ ಒರಟು ಕೂದಲಿದೆ. ಹೀಗೆ ಒಂದೇ ಸೂಲಿಗೆ ಇಬ್ಬರು ಅಪ್ಪಂದಿರು.

"ಬರಬೇಡ ಅಂತ ಹಾಕಿದ್ದು. ಗಂಡಿನ ಕಡೆಯವ್ರಿಗೆ ನಾನೇ ಮನೆ ತನಕ ದಾರಿ ತೋರ್ಸಿದ ಹಾಗಾಯ್ತು."

ಎಂಟು ಗಂಟೆಗೆ ಫಾರೆಸ್ಟ್ ಗಾರ್ಡ್ ಚನ್ನಕೇಶವ ಬರುತ್ತಾರೆ. ಪಟ್ಟೆ ಮರಿಗಳ ಸುದ್ದಿ ಹೇಗೋ ರೇಂಜ್ ಆಫೀಸಿನ ಸಾಹೇಬರಿಗೆ ಮುಟ್ಟಿದೆ. ಮೂರು ಮರಿ ಕಾಡಿನವೋ ಊರಿನವೋ ಎಂದು ಅವರು ಇವತ್ತು ಬರೆದುಕೊಡಬೇಕು. ಕಾಡಿನವು ಎಂದಾದರೆ ಕಾಡಿಗೇ ಬಿಡಬೇಕು. ಮರಿಗಳಿಗೆ ಐದು ವಾರ.

"ಇನ್ನೂ ಹಾಲು ಬಿಟ್ಟಿಲ್ಲ ಸಾರ್. ಅಲ್ಲಿ ಹೋಗಿ ಯಾರ ಮೊಲೆ ಹುಡುಕ್ತವೆ?" ವಿಮಲಮ್ಮನ ಕಣ್ಣು ತುಂಬುತ್ತದೆ.

ಚನ್ನಕೇಶವರಿಗೆ ಒಂದು ಉಪಾಯ ಹೊಳೆಯುತ್ತದೆ. "ಗೇಟ್ ತೆಗೀರಿ ಅಮ್ಮ. ತಾಯೀನ ಒಳಗೆ ಕಟ್ಟಿ. ಕಾಡಿನವಾದ್ರೆ ಹೋಗ್ತವೆ."

ಗೇಟು ತೆರೆಯುತ್ತದೆ. ಎದುರಿಗೇ ಹಳ್ಳ, ಆಚೆ ಕಾಡು. ವಿಮಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಪಟ್ಟೆ ಮರಿಗಳು ಗೇಟನ್ನೊಮ್ಮೆ ಮೂಸಿ, ವಾಪಸು ಬಂದು, ಮೇವಿನ ಬಾನಿಯ ಪಕ್ಕದ ಕೆಸರಿನಲ್ಲಿ ಒಂದರ ಮೇಲೊಂದು ಮಲಗಿಬಿಡುತ್ತವೆ. ಅಷ್ಟರಲ್ಲಿ ಕಪ್ಪು ಮರಿಯೊಂದು ಆರಾಮಾಗಿ ಗೇಟು ದಾಟಿ, ಹಳ್ಳ ದಾಟಿ, ಪೊದೆಯೊಳಗೆ ಮಾಯವಾಗುತ್ತದೆ.

"ಇದೆಂತ ಮಾರಾಯ್ರೆ! ಹೋಗ್ಬೇಕಾದ್ದು ಮಲಗ್ತು, ಮಲಗ್ಬೇಕಾದ್ದು ಹೋಯ್ತು. ನಾ ಎಂತ ಬರೀಲಿ?" ಚನ್ನಕೇಶವ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ.

ವಿಮಲಮ್ಮ ಖಾಲಿ ಬಕೆಟ್ ಹಿಡಿದು ಹಳ್ಳದವರೆಗೆ ನಡೆಯುತ್ತಾರೆ. ಮೂರು ಸಲ ಬಡಿಯುತ್ತಾರೆ. ಪೊದೆ ಅಲುಗುವುದಿಲ್ಲ. ಮತ್ತೆ ಮೂರು ಸಲ. ಕಪ್ಪು ಮರಿ ಮೂತಿಗೆ ಮಣ್ಣು ಮೆತ್ತಿಕೊಂಡು ಓಡಿ ಬರುತ್ತದೆ. ಹಿಂದಿನಿಂದಲೂ ಓಟದ ಸದ್ದು. ತಿರುಗಿ ನೋಡಿದರೆ ಪಟ್ಟೆಯವು ಮೂರೂ ಕೆಸರಿನಿಂದೆದ್ದು ಉಳಿದ ಕಪ್ಪು ಮರಿಗಳ ಜೊತೆ ವಿಮಲಮ್ಮನ ಕಾಲ ಬಳಿ ಬಂದು ನಿಂತಿವೆ.

ಚನ್ನಕೇಶವ ಮರಿಗಳನ್ನು ಎಣಿಸಿ, "ಸಾಕು ಹಂದಿ ಮರಿ, ಏಳು" ಎಂದು ಬರೆಯುತ್ತಾರೆ. ಸಾಹೇಬರು ಒಪ್ಪುತ್ತಾರೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಮಳೆಗಾಲದೊಳಗೆ ಪಟ್ಟೆ ಮಾಸಿ ಹೋಗುತ್ತದೆ ಎಂದಷ್ಟೇ ಹೇಳಿ ಬೈಕ್ ಹತ್ತುತ್ತಾರೆ.

ವಿಮಲಮ್ಮ ಈಗ ಬೇಲಿಯ ಬುಡಕ್ಕೆ ಹೊರಗಿನಿಂದಲೂ ಕಲ್ಲು ಜೋಡಿಸುತ್ತಿದ್ದಾರೆ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ.

"ಎಂತ ಆಸೆ? ಪಟ್ಟೆ ಮಾಸೋ ತನಕ ಸಾಹೇಬ್ರು ಬರದಿದ್ರೆ ಸಾಕು. ಯಾರ ಮರಿ ಅಂತ ನಂಗೆ ಗೊತ್ತಾಗಲ್ಲ ಮಾರಾಯ್ರೆ. ಬಕೆಟ್ ಬಡಿದ್ರೆ ಏಳು ಬರ್ತವೆ. ಅಷ್ಟು ಗೊತ್ತು."